ಎರಡು ಕೆ.ಜಿ. ಪೊಟ್ಟಣ, ಐದು ಕಿ.ಮೀ. ಆಕಾಶ: ಡ್ರೋನ್ ಡೆಲಿವರಿಗೂ ಏರ್ ಟ್ಯಾಕ್ಸಿಗೂ ತೊಡಕು ಎಲ್ಲಿದೆ?

2021ರ ನವೆಂಬರ್‌ನಲ್ಲಿ ಆನೇಕಲ್ ತಾಲ್ಲೂಕಿನ ಚಂದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆಯ ಕೇಂದ್ರಕ್ಕೆ ಕೋವಿಡ್ ಲಸಿಕೆಯ 50 ಸೀಸೆಗಳು ಆಕಾಶಮಾರ್ಗದಲ್ಲಿ ಹೋದವು. ಹೊತ್ತೊಯ್ದದ್ದು ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್ ಕಟ್ಟಿದ ಎಂಟು ಮೋಟಾರಿನ ಡ್ರೋನ್. ಸುಮಾರು ಏಳು ಕಿಲೋಮೀಟರ್ ದಾರಿ, ಹತ್ತು ನಿಮಿಷದ ಹಾರಾಟ. ಅದೇ ವರ್ಷದ ಜೂನ್‌ನಲ್ಲಿ ಬೆಂಗಳೂರಿನದೇ ಥ್ರಾಟಲ್ ಏರೋಸ್ಪೇಸ್ ಕಂಪನಿ ಗೌರಿಬಿದನೂರಿನಲ್ಲಿ ಕಣ್ಣಳತೆ ಮೀರಿದ ದೂರಕ್ಕೆ ಔಷಧ ಸಾಗಿಸುವ ಪರೀಕ್ಷೆ ಶುರುಮಾಡಿತ್ತು. ಡ್ರೋನ್ ಸರಕು ಹೊತ್ತು ಹಾರಬಲ್ಲದೇ ಎಂಬ ಪ್ರಶ್ನೆಗೆ ನಮ್ಮ ನೆಲದಲ್ಲೇ ಉತ್ತರ ಸಿಕ್ಕು ವರ್ಷಗಳಾದವು.

ಹಾಗಿದ್ದೂ ಮನೆಗೆ ಸಾಮಾನು ತಂದುಕೊಡುವವರು ಇಂದಿಗೂ ಸ್ಕೂಟರ್ ಏರಿಯೇ ಬರುತ್ತಾರೆ. ಇದು ಭಾರತದ ಕಥೆ ಮಾತ್ರ ಅಲ್ಲ. 2013ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ಇನ್ನು ನಾಲ್ಕೈದು ವರ್ಷಕ್ಕೆ ಡ್ರೋನ್ ಡೆಲಿವರಿ ಬರಬಹುದು ಎಂದು ಟಿ.ವಿ.ಯಲ್ಲಿ ಹೇಳಿದ್ದರು. ಅಮೆರಿಕದ ಎರಡು ಊರುಗಳಲ್ಲಿ ಆ ಸೇವೆ ಶುರುವಾಗಿದ್ದು 2022ರ ಕೊನೆಯಲ್ಲಿ. ಅವೆರಡರಲ್ಲಿ ಒಂದಾದ ಕ್ಯಾಲಿಫೋರ್ನಿಯಾದ ಲಾಕ್‌ಫರ್ಡ್‌ನಲ್ಲಿ 2024ರಲ್ಲೇ ಬಾಗಿಲು ಹಾಕಿದರು. ದುಡ್ಡಿಗೂ ಎಂಜಿನಿಯರುಗಳಿಗೂ ಬರವಿಲ್ಲದ ಕಂಪನಿಯ ಪಾಡೇ ಹೀಗಾದರೆ, ತೊಡಕು ಎಲ್ಲೋ ಬುಡದಲ್ಲೇ ಇರಬೇಕು. ಅದು ತೂಕದಲ್ಲಿ ಶುರುವಾಗಿ ಇಳಿಯುವ ಜಾಗದಲ್ಲಿ ಮುಗಿಯುತ್ತದೆ. ನಡುವಿನ ಆಕಾಶದಲ್ಲಿ ಉಳಿಸಿದ ನಿಮಿಷಗಳೆಲ್ಲ ಎರಡು ತುದಿಯ ನೆಲದಲ್ಲಿ ಖರ್ಚಾಗುತ್ತವೆ.

ತೂಕದ ಲೆಕ್ಕ

ಒಂದು ಡ್ರೋನ್ ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ. ಒಟ್ಟು ತೂಕ 10 ಕೆ.ಜಿ. ಚೌಕಟ್ಟು, ಮೋಟಾರು, ವೈರು, ಕಂಪ್ಯೂಟರು, ರೇಡಿಯೊ ಎಲ್ಲ ಸೇರಿ 5 ಕೆ.ಜಿ.; ಬ್ಯಾಟರಿ 3 ಕೆ.ಜಿ.; ಗಿರಾಕಿಯ ಸಾಮಾನು 2 ಕೆ.ಜಿ. ಹದಿನೆಂಟು ಅಂಗುಲದ ನಾಲ್ಕು ಪ್ರೊಪೆಲ್ಲರ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು, ಅಷ್ಟರಮಟ್ಟಿಗೆ ಪ್ರೊಪೆಲ್ಲರ್ ಹೆಚ್ಚು ದುಡಿಯಬೇಕು. ಈ ಯಂತ್ರ ಗಾಳಿಯಲ್ಲಿ ನಿಂತಿರುವುದಕ್ಕೇ ಸುಮಾರು 1,400 ವಾಟ್ ಬೇಕು. ಸಾಮಾನು ಇಳಿಸಿ ಹಗುರಾದ ಮೇಲೆ ಸುಮಾರು 1,000 ವಾಟ್ ಸಾಕು. ನಿಧಾನವಾಗಿ ಮುಂದೆ ಸಾಗುವಾಗಲೂ ಖರ್ಚು ಹೆಚ್ಚುಕಡಿಮೆ ಇಷ್ಟೇ.

ಬ್ಯಾಟರಿ ಎಂದರೆ ಸಾಲಾಗಿ ಜೋಡಿಸಿದ 12 ಲಿಥಿಯಂ ಸೆಲ್‌ಗಳು: 44.4 ವೋಲ್ಟ್, 12 ಆಂಪಿಯರ್-ಗಂಟೆ, ಒಟ್ಟು 533 ವಾಟ್-ಗಂಟೆ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಅರ್ಧ ಯೂನಿಟ್ಟಿನಷ್ಟು. ಅಷ್ಟನ್ನೂ ಬಳಸುವಂತಿಲ್ಲ. ಕೊನೆಯ ಪಾಲಿಗೆ ಬಂದಾಗ ಭಾರ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಇಳಿಯುವ ಹೊತ್ತಿಗೆ ಗಾಳಿ ತಳ್ಳಿ ಮೋಟಾರು ಜೋರಾಗಿ ಎಳೆದರೆ ಯಂತ್ರ ಅಲ್ಲೇ ಬಿದ್ದೀತು. ಹಾಗಾಗಿ 30% ಮಿಗಿಸಿಡಬೇಕು. ಕೈಗೆ ಸಿಗುವುದು 373 ವಾಟ್-ಗಂಟೆ.

ಈಗ ಗಿರಾಕಿಯ ಮನೆ ಐದು ಕಿ.ಮೀ. ದೂರ ಎನ್ನಿ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಹೋಗಲು ಏಳು ನಿಮಿಷ, ಬರಲು ಏಳು ನಿಮಿಷ. ಹೋಗುವಾಗ 163 ವಾಟ್-ಗಂಟೆ, ಬರುವಾಗ 117, ಏರಿ ಇಳಿದು ಸಾಮಾನನ್ನು ಹಗ್ಗದಲ್ಲಿ ಕೆಳಗೆ ಬಿಡುವ ಎರಡು ನಿಮಿಷಕ್ಕೆ 47. ಒಟ್ಟು 327. ಗಾಳಿಯಿಲ್ಲದ ದಿನ ಲೆಕ್ಕ ಸರಿಹೋಯಿತು.

ದೂರ ಹೆಚ್ಚಿಸಲು ಇನ್ನೊಂದು ಬ್ಯಾಟರಿ ಕಟ್ಟಿದರಾಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಮೂರು ಕೆ.ಜಿ. ಸೇರಿದರೆ ತೂಕ 13 ಕೆ.ಜಿ.; ಆದರೆ ಬೇಕಾಗುವ ಶಕ್ತಿ ತೂಕಕ್ಕಿಂತ ಬೇಗ ಏರುತ್ತದೆ, 1,400 ವಾಟ್ ಇದ್ದದ್ದು 2,000 ದಾಟುತ್ತದೆ. ಬ್ಯಾಟರಿ ಎರಡು ಪಟ್ಟು, ಹಾರಾಟದ ಹೊತ್ತು ಹೆಚ್ಚುವುದು ಮೂರನೇ ಒಂದರಷ್ಟು ಮಾತ್ರ. ಪೆಟ್ರೋಲಿನ ಪ್ರತಿ ಕೆ.ಜಿ.ಯಲ್ಲಿ ಸುಮಾರು 12,000 ವಾಟ್-ಗಂಟೆ ಇದೆ, ಒಳ್ಳೆಯ ಬ್ಯಾಟರಿ ಪ್ಯಾಕಿನಲ್ಲಿ ಇನ್ನೂರರ ಆಸುಪಾಸು. ಎಂಜಿನ್ ಆ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಕಳೆದರೂ ಅಂತರ ಬಹಳ ದೊಡ್ಡದು. ಸಾಲದ್ದಕ್ಕೆ ಪೆಟ್ರೋಲ್ ಉರಿದಂತೆ ಹಗುರಾಗುತ್ತದೆ. ಖಾಲಿ ಬ್ಯಾಟರಿಯನ್ನು ಮನೆತನಕ ಹೊತ್ತೇ ತರಬೇಕು.

ಹಣದ ಲೆಕ್ಕವೂ ಇಲ್ಲೇ ಇದೆ. ಇಂಥ ಬ್ಯಾಟರಿಗೆ 30,000 ರೂಪಾಯಿ, ಬಾಳಿಕೆ 300 ಸಲ ಚಾರ್ಜ್ ಮಾಡುವಷ್ಟು ಎಂದು ಇಟ್ಟುಕೊಂಡರೆ ಪ್ರತಿ ಹಾರಾಟಕ್ಕೆ ಬ್ಯಾಟರಿ ಸವೆತವೇ ನೂರು ರೂಪಾಯಿ. ಕರೆಂಟಿನ ಖರ್ಚು ಇದರ ಮುಂದೆ ಲೆಕ್ಕಕ್ಕಿಲ್ಲ. ಹಾರಾಟಕ್ಕೆ ಹದಿನಾರು ನಿಮಿಷ, ಬದಲಿಸಲು ಮೂರು ನಿಮಿಷ, ತಣಿದು ಮತ್ತೆ ಚಾರ್ಜ್ ಆಗಲು ಎಂಬತ್ತು ನಿಮಿಷ ಹಿಡಿದರೆ, ಒಂದು ಡ್ರೋನ್ ಬಿಡುವಿಲ್ಲದೆ ಓಡಲು ಐದಾರು ಬ್ಯಾಟರಿ ಬೇಕು. ಅವನ್ನು ಬದಲಿಸಲು, ಉಬ್ಬಿದ ಸೆಲ್ ಕಂಡರೆ ಎತ್ತಿಡಲು, ಪ್ರೊಪೆಲ್ಲರ್ ಅಂಚಿನಲ್ಲಿ ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಲು ಒಬ್ಬ ಮನುಷ್ಯ ಅಲ್ಲಿರಲೇಬೇಕು. ಸ್ಕೂಟರಿನ ಹುಡುಗ ಒಂದೇ ಚೀಲದಲ್ಲಿ ಮೂರು ಮನೆಯ ಆರ್ಡರ್ ತುಂಬಿಕೊಂಡು ಹೊರಡುತ್ತಾನೆ. ಡ್ರೋನ್ ಒಂದು ಮನೆಗೆ ಹೋಗಿ ಬರಿಗೈಲಿ ವಾಪಸು ಬರುತ್ತದೆ.

ಆಷಾಢದ ಗಾಳಿ

ಮೇಲಿನ ಲೆಕ್ಕಕ್ಕೆ ಈಗ ಸೆಕೆಂಡಿಗೆ ಎಂಟು ಮೀಟರ್, ಅಂದರೆ ಗಂಟೆಗೆ 29 ಕಿ.ಮೀ. ಎದುರುಗಾಳಿ ಸೇರಿಸಿ. ಆಷಾಢದಲ್ಲಿ ಬೆಂಗಳೂರಿನ ಯಾವುದೇ ಎತ್ತರದ ತಾರಸಿಯ ಮೇಲೆ ಇದು ಅಪರೂಪದ ಗಾಳಿಯೇನಲ್ಲ. ಗಾಳಿಯಲ್ಲಿ ಸೆಕೆಂಡಿಗೆ 12 ಮೀಟರ್ ಓಡುವ ಡ್ರೋನ್ ನೆಲದ ಮೇಲೆ ಸಾಗುವುದು ನಾಲ್ಕೇ ಮೀಟರ್. ಏಳು ನಿಮಿಷದ ದಾರಿಗೆ ಇಪ್ಪತ್ತೊಂದು ನಿಮಿಷ. ಹೋಗುವಷ್ಟರಲ್ಲೇ 490 ವಾಟ್-ಗಂಟೆ ಖಾಲಿ. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದೆಗೆ ಬಂದರೂ ಅಷ್ಟೇ, ಒಟ್ಟು ಖರ್ಚು ಅದೇ 490ರ ಹತ್ತಿರ ನಿಲ್ಲುತ್ತದೆ. ವೇಗ ಹೆಚ್ಚಿಸಬಹುದು, ಆದರೆ ಗಾಳಿಯ ತಡೆ ಅದಕ್ಕಿಂತ ಬೇಗ ಏರುತ್ತದೆ. ಗಾಳಿಯಿಲ್ಲದ ದಿನ ಐದು ಕಿ.ಮೀ. ದೂರದವರೆಗೆ ಸೇವೆ ಕೊಡುವ ಯಂತ್ರ ಆಷಾಢದಲ್ಲಿ ಎರಡು-ಮೂರು ಕಿ.ಮೀ.ಗೆ ಕುಗ್ಗುತ್ತದೆ. ಅಷ್ಟು ಹತ್ತಿರಕ್ಕೆ ಸೈಕಲ್ಲೇ ಸಾಕು.

ಅದೇ ಗಾಳಿ ಗಾಳಿಪಟಗಳನ್ನೂ ತರುತ್ತದೆ. ದೊಡ್ಡಬಳ್ಳಾಪುರದ ಕಡೆ ಆಷಾಢವೆಂದರೆ ಪಟದ ಹಬ್ಬ. ದಾರ ಪ್ರೊಪೆಲ್ಲರಿಗೆ ತಗುಲಿದರೆ ತುಂಡಾಗುವುದಕ್ಕಿಂತ ಮೋಟಾರಿನ ಕಡ್ಡಿಗೆ ಸುತ್ತಿಕೊಳ್ಳುವುದೇ ಹೆಚ್ಚು; ಮೋಟಾರು ಹಿಡಿದು ನಿಲ್ಲುತ್ತದೆ, ಅದನ್ನು ತಿರುಗಿಸಲು ಹೆಣಗಿದ ಕಂಟ್ರೋಲರ್ ಸುಟ್ಟುಹೋಗುತ್ತದೆ. ನಾಲ್ಕು ಮೋಟಾರಿನ ಯಂತ್ರದಲ್ಲಿ ಒಂದು ನಿಂತರೆ ಉಳಿದ ಮೂರು ಅದನ್ನು ಹಿಡಿತದಲ್ಲಿಡುವುದು ಬಹಳ ಕಷ್ಟ, ಸಾಮಾನ್ಯವಾಗಿ ಬುಗುರಿಯಂತೆ ತಿರುಗಿ ಬೀಳುತ್ತದೆ. ಆರು, ಎಂಟು ಮೋಟಾರಿದ್ದರೆ ಬಚಾವು. ಎನ್‌ಎಎಲ್ ಎಂಟು ಮೋಟಾರು ಹಾಕಿದ್ದಕ್ಕೆ ಒಂದು ಅರ್ಥವಿದೆ. ಆದರೆ ಅದಕ್ಕೂ ತೂಕ ತೆರಬೇಕು.

ಹಕ್ಕಿಗಳ ಕಾಟವನ್ನು ಹಗುರವಾಗಿ ನೋಡುವಂತಿಲ್ಲ. 2021ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಗೂಡು ಕಟ್ಟಿದ್ದ ಕಾಗೆ ಜಾತಿಯ ಹಕ್ಕಿಯೊಂದು ಡ್ರೋನ್ ಡೆಲಿವರಿಯ ವಿಂಗ್ ಕಂಪನಿಯ ಡ್ರೋನ್ ಮೇಲೆರಗಿ, ಆ ಬಡಾವಣೆಗೆ ಸೇವೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಬೆಂಗಳೂರಿನ ಮಾಂಸದ ಮಾರುಕಟ್ಟೆ, ಕಸದ ರಾಶಿಗಳ ಮೇಲೆ ಸುತ್ತುವ ಹದ್ದುಗಳನ್ನು ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ.

ಮಳೆಯಲ್ಲಿ ಆಗುವ ಅನಾಹುತಕ್ಕೆ ಒಂದು ಸ್ಪಷ್ಟ ಉದಾಹರಣೆಯಿದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಪೆಂಡಲ್ಟನ್ ಪರೀಕ್ಷಾ ಮೈದಾನದಲ್ಲಿ ಅಮೆಜಾನ್‌ನ ಎಂಕೆ30 ಡ್ರೋನುಗಳು ತುಂತುರು ಮಳೆಯಲ್ಲಿ ಬಿದ್ದವು. ಎತ್ತರ ಅಳೆಯುವ ಲೇಸರ್ ಸಂವೇದಕ ತಪ್ಪು ಅಂಕಿ ಕೊಟ್ಟಿತು. ಇನ್ನೂ ಗಾಳಿಯಲ್ಲೇ ಇದ್ದಾಗ ನೆಲ ಮುಟ್ಟಿದೆ ಎಂದು ಸಾಫ್ಟ್‌ವೇರ್ ನಂಬಿ ಮೋಟಾರು ಆರಿಸಿಬಿಟ್ಟಿತು. ಹಿಂದಿನ ಮಾದರಿಯಲ್ಲಿ, ಕಾಲು ನಿಜವಾಗಿ ನೆಲಕ್ಕೆ ಒತ್ತಿದಾಗ ಮಾತ್ರ ಒಪ್ಪಿಗೆ ಕೊಡುವ ಸಣ್ಣ ಸ್ವಿಚ್ಚುಗಳಿದ್ದವು. ಹೊಸದರಲ್ಲಿ ಅವನ್ನು ತೆಗೆದಿದ್ದರು. ತೂಕ ಉಳಿಸುವ, ಭಾಗ ಕಡಿಮೆ ಮಾಡುವ ಒತ್ತಡ ಸುರಕ್ಷತೆಯನ್ನು ಎಲ್ಲಿ ಕತ್ತರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ಚೊಕ್ಕ ನಿದರ್ಶನ ಸಿಗಲಾರದು.

ಕೊನೆಯ ಮೂವತ್ತು ಮೀಟರು

2022ರ ಸೆಪ್ಟೆಂಬರ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬ್ರೌನ್ಸ್ ಪ್ಲೇನ್ಸ್. ಊಟದ ಆರ್ಡರ್ ಹೊತ್ತ ವಿಂಗ್ ಡ್ರೋನ್ ಮುನ್ನೆಚ್ಚರಿಕೆಗೆಂದು ತಾನಾಗಿ ಇಳಿಯಿತು. ಇಳಿದದ್ದು ಹೈಟೆನ್ಷನ್ ವಿದ್ಯುತ್ ತಂತಿಗಳ ಮೇಲೆ. ಯಂತ್ರ ಹೊತ್ತಿಕೊಂಡು ಕೆಳಗೆ ಬಿತ್ತು. ಸುಮಾರು ಎರಡು ಸಾವಿರ ಗ್ರಾಹಕರಿಗೆ ಕರೆಂಟ್ ಹೋಯಿತು. ಲೈನ್‌ಮನ್‌ಗಳು ಬಂದು ನೋಡಿದಾಗ ಪೊಟ್ಟಣದೊಳಗಿನ ಊಟ ಇನ್ನೂ ಬಿಸಿಯಾಗಿತ್ತು.

ಆಸ್ಟ್ರೇಲಿಯಾದ ಹೊರವಲಯದ ಬಡಾವಣೆಗಳಲ್ಲಿ ಮನೆಗೊಂದು ಹಿತ್ತಲು, ಹಿತ್ತಲಲ್ಲಿ ಹುಲ್ಲುಹಾಸು. ಅಂಥ ಕಡೆಯೇ ಹೀಗಾದರೆ ನಮ್ಮ ಬೀದಿಗಳನ್ನು ಯೋಚಿಸಿ. ಬೆಸ್ಕಾಂ ಲೈನು ಮೇಲೆ, ಅದರಡಿ ಮರದಿಂದ ಮರಕ್ಕೆ ಜೋತುಬಿದ್ದ ಇಂಟರ್‌ನೆಟ್ ಕೇಬಲ್ಲು, ತಾರಸಿಯಲ್ಲಿ ನೀರಿನ ಟ್ಯಾಂಕು, ಡಿಶ್ಶು, ಸೋಲಾರು, ಬಟ್ಟೆ ಒಣಹಾಕುವ ತಂತಿ, ಬಾಲ್ಕನಿಗೆ ಪಾರಿವಾಳದ ಬಲೆ. ಇವುಗಳಲ್ಲಿ ಕೇಬಲ್ಲು ಅತಿ ಅಪಾಯಕಾರಿ: ಬೆರಳಿನಷ್ಟೂ ದಪ್ಪವಿಲ್ಲದ ಕಪ್ಪು ತಂತಿ ಕ್ಯಾಮೆರಾಕ್ಕೆ ಹಿನ್ನೆಲೆಯ ಎಲೆಗಳ ನಡುವೆ ಕರಗಿಹೋಗುತ್ತದೆ. ನಕ್ಷೆಯಲ್ಲಿ ಗುರುತಿಸೋಣವೆಂದರೆ ನಿನ್ನೆ ಇಲ್ಲದ ಕೇಬಲ್ಲು ಇವತ್ತು ಇರುತ್ತದೆ. ಗಣೇಶನ ಹಬ್ಬಕ್ಕೆ ಪೆಂಡಾಲು, ರಾಜ್ಯೋತ್ಸವಕ್ಕೆ ಬಾವುಟದ ಹಗ್ಗ, ಹೊಸ ಅಪಾರ್ಟ್‌ಮೆಂಟಿಗೆ ಕ್ರೇನು. ಕ್ರೇನಿನ ವಿಷಯ ಊಹೆಯಲ್ಲ: 2025ರ ಅಕ್ಟೋಬರ್ 1ರಂದು ಅರಿಜೋನಾದ ಟಾಲಿಸನ್‌ನಲ್ಲಿ ಅಮೆಜಾನ್‌ನ ಎರಡು ಡ್ರೋನುಗಳು ಕೆಲವೇ ನಿಮಿಷದ ಅಂತರದಲ್ಲಿ ಒಂದೇ ಕ್ರೇನಿಗೆ ಬಡಿದು ಉರುಳಿದವು.

ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಕೂಡ ಕೈಕೊಡುತ್ತದೆ. ಉಪಗ್ರಹದ ಸಂಕೇತ ಗಾಜಿನ ಗೋಡೆಗೆ ಬಡಿದು ತಿರುಗಿ ಬಂದರೆ ಡ್ರೋನ್ ತಾನಿರುವ ಜಾಗವನ್ನು ಹತ್ತಾರು ಮೀಟರ್ ಪಕ್ಕಕ್ಕೆ ಎಣಿಸಬಹುದು. ಇಳಿಯುವ ತಾಣ ಎರಡು ಮೀಟರ್ ಅಗಲದ್ದಾದರೆ ಆ ತಪ್ಪು ಪಕ್ಕದ ಮನೆಯ ಕಿಟಕಿ. ವಿಂಗ್ ಡ್ರೋನುಗಳಂತೂ ಗಿರಾಕಿಯ ಮನೆಯಲ್ಲಿ ಇಳಿಯುವುದೇ ಇಲ್ಲ. ಸುಮಾರು ಏಳು ಮೀಟರ್ ಮೇಲೆ ನಿಂತು ಹಗ್ಗದಲ್ಲಿ ಪೊಟ್ಟಣ ಇಳಿಬಿಡುತ್ತವೆ. ಹಗ್ಗ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತರಿಸಿಬಿಡುವ ಏರ್ಪಾಟು ಇರಬೇಕು, ಕೆಳಗೆ ನಾಯಿ ಅಥವಾ ಮಗು ಹಗ್ಗ ಹಿಡಿದು ಎಳೆದರೆ ಏನು ಮಾಡಬೇಕೆಂಬುದೂ ಗೊತ್ತಿರಬೇಕು.

ಅಪಾರ್ಟ್‌ಮೆಂಟಿನ ಹನ್ನೆರಡನೇ ಮಹಡಿಗೆ ಹಗ್ಗವೂ ಉಪಯೋಗಕ್ಕೆ ಬಾರದು. ಗುರುಗ್ರಾಮದಲ್ಲೂ ಬೆಂಗಳೂರಿನ ಕೋಣನಕುಂಟೆ, ಕನಕಪುರ ರಸ್ತೆಯ ಕಡೆಯೂ ಸೇವೆ ಶುರುಮಾಡಿದ ಸ್ಕೈ ಏರ್ ಕಂಪನಿ ಇದಕ್ಕೆ ಕಂಡುಕೊಂಡ ದಾರಿ ನೇರವಾದದ್ದು: ಡ್ರೋನ್ ಬಡಾವಣೆಯೊಳಗಿನ ಒಂದು ಗೊತ್ತಾದ ಪೆಟ್ಟಿಗೆಗೆ ಸಾಮಾನು ಹಾಕುತ್ತದೆ, ಅಲ್ಲಿಂದ ಮನೆಬಾಗಿಲಿಗೆ ಒಬ್ಬರು ನಡೆದು ತಲುಪಿಸುತ್ತಾರೆ. ನಮ್ಮ ಊರುಗಳಿಗೆ ಹೊಂದುವ ವ್ಯವಸ್ಥೆ ಇದೇ ಎಂದು ಒಪ್ಪಬೇಕು. ಆದರೆ ಹೀಗೆ ಒಪ್ಪಿದ ಮೇಲೆ ಲೆಕ್ಕವೂ ಬದಲಾಗುತ್ತದೆ. ಲಿಫ್ಟಿಗೆ ಕಾಯುವ, ಬೆಲ್ ಒತ್ತುವ, ಬಾಗಿಲು ತೆರೆಯದಿದ್ದರೆ ಫೋನ್ ಮಾಡುವ ಮನುಷ್ಯನ ಸಂಬಳ ಹಾಗೇ ಉಳಿಯಿತು; ಅದರ ಮೇಲೆ ಡ್ರೋನಿನ ಖರ್ಚು ಸೇರಿತು.

ಸದ್ದಿನ ಮಾತೂ ಇಲ್ಲೇ ಬರಬೇಕು. ಗಿರಾಕಿಯ ಮನೆಗೆ ಡ್ರೋನ್ ದಿನಕ್ಕೊಮ್ಮೆ ಬಂದರೆ, ಡ್ರೋನ್ ಅಡ್ಡೆಯ ಪಕ್ಕದ ಮನೆಯ ಮೇಲೆ ನೂರು ಸಲ ಹೋಗುತ್ತದೆ. ಸಣ್ಣ ಪ್ರೊಪೆಲ್ಲರ್ ಬಹಳ ವೇಗವಾಗಿ ತಿರುಗುವುದರಿಂದ ಅದರ ಸ್ವರ ಎತ್ತರದ್ದು, ನಿಂತು ಸಾಮಾನು ಇಳಿಸುವಾಗ ಮತ್ತೂ ಕೀರಲು. ಕ್ಯಾನ್‌ಬೆರಾದ ಬೊನಿಥನ್ ಬಡಾವಣೆಯಲ್ಲಿ 2018ರಲ್ಲಿ ಪರೀಕ್ಷೆ ನಡೆದಾಗ ಜನ ಸಂಘಟಿತರಾಗಿ ವಿರೋಧಿಸಿದ್ದು ಸದ್ದಿನ ವಿರುದ್ಧವೇ. ಟೆಕ್ಸಾಸ್‌ನ ಕಾಲೇಜ್ ಸ್ಟೇಷನ್‌ನಲ್ಲಿ ಅಮೆಜಾನ್‌ಗೆ ಎದುರಾದದ್ದೂ ಅದೇ ದೂರು. ಸೇವೆಯ ಲಾಭ ಒಬ್ಬರಿಗೆ, ಸದ್ದು ಇನ್ನೊಬ್ಬರಿಗೆ.

ಮೇಲೆ ಯಾರ ಅಪ್ಪಣೆ

2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಹಿಂದಿನ ಕಾಗದಪತ್ರದ ಗೋಜಲನ್ನು ನಿಜಕ್ಕೂ ಬಿಡಿಸಿದವು. ದೇಶದ ಬಹುಪಾಲು ನೆಲ ಹಸಿರು ವಲಯ, ಅಲ್ಲಿ 400 ಅಡಿಯವರೆಗೆ ಹಾರಲು ಮುಂಗಡ ಅನುಮತಿ ಬೇಡ. ವಿಮಾನ ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿ.ಮೀ. ನಡುವೆ ಈ ಮಿತಿ 200 ಅಡಿ. ಅದಕ್ಕೂ ಒಳಗೆ ಬಂದರೆ ಹಳದಿ ವಲಯ, ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು. ಇನ್ನೂ ಹತ್ತಿರ ಕೆಂಪು.

ಬೆಂಗಳೂರಿನ ನಕ್ಷೆಯ ಮೇಲೆ ಈ ವೃತ್ತಗಳನ್ನು ಎಳೆದು ನೋಡಬೇಕು. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ, ಯಲಹಂಕದ ವಾಯುನೆಲೆ, ಜಕ್ಕೂರಿನ ಸಣ್ಣ ವಿಮಾನ ನಿಲ್ದಾಣ, ಎಚ್‌ಎಎಲ್: ನಾಲ್ಕು ಕಡೆಯಿಂದ ವೃತ್ತಗಳು. ಆನ್‌ಲೈನ್ ಆರ್ಡರ್ ಹೆಚ್ಚಿರುವ ಇಂದಿರಾನಗರ, ದೊಮ್ಮಲೂರು, ಮಾರತ್ತಹಳ್ಳಿ ಎಲ್ಲ ಎಚ್‌ಎಎಲ್ ಮಗ್ಗುಲಲ್ಲೇ ಇವೆ, ಅಲ್ಲಿ ತೇಜಸ್ ಯುದ್ಧವಿಮಾನದ ಪರೀಕ್ಷಾ ಹಾರಾಟ ನಡೆಯುತ್ತದೆ. ಕೋಣನಕುಂಟೆ ಅಲ್ಲಿಂದ ಸುಮಾರು 12 ಕಿ.ಮೀ. ದೂರ. 200 ಅಡಿ ಮಿತಿಯಿರುವ ಕಡೆ ಇನ್ನೊಂದು ಇಕ್ಕಟ್ಟು: 200 ಅಡಿ ಎಂದರೆ 60 ಮೀಟರ್, ಹೆಚ್ಚೆಂದರೆ ಇಪ್ಪತ್ತು ಮಹಡಿ. ಇಪ್ಪತ್ತೈದು ಮಹಡಿಯ ಕಟ್ಟಡವಿರುವ ಬಡಾವಣೆಯಲ್ಲಿ ಡ್ರೋನ್ ಮೇಲಿಂದ ದಾಟುವಂತಿಲ್ಲ, ಕಟ್ಟಡಗಳ ಸಂದಿಯಲ್ಲೇ ನುಸುಳಬೇಕು. ಗಾಳಿ ಸುಳಿಯಾಗುವುದೂ ಜಿಪಿಎಸ್ ತಪ್ಪುವುದೂ ಆ ಸಂದಿಯಲ್ಲೇ.

ಕಣ್ಣಿಗೆ ಕಾಣದಷ್ಟು ದೂರ ಹಾರಿಸುವುದಕ್ಕೆ ಅನುಮತಿ ಕೊಡಲು ಅಧಿಕಾರಿಗಳು ಹಿಂಜರಿಯುವುದನ್ನು ಉದ್ಯಮದವರು ದೂರುತ್ತಾರೆ. ಆ ಹಿಂಜರಿಕೆಗೆ ಕಾರಣವಿದೆ. ನಮ್ಮ 10 ಕೆ.ಜಿ. ಡ್ರೋನ್ 60 ಮೀಟರಿನಿಂದ ಬಿದ್ದರೆ ಅದರ ಶಕ್ತಿ ಸುಮಾರು 5,900 ಜೂಲ್. ಗಾಳಿಯ ತಡೆಗೆ ಅರ್ಧ ಕಳೆದರೂ ಸುಮಾರು 3,000. ಯುರೋಪಿನ ನಿಯಮದಲ್ಲಿ ಜನರ ಹತ್ತಿರ ಬಳಸಬಹುದಾದ ಒಂದು ವರ್ಗದ ಸಣ್ಣ ಡ್ರೋನಿಗೆ ಮಿತಿ 900 ಗ್ರಾಂ ಅಥವಾ 80 ಜೂಲ್. ಪ್ಯಾರಾಚೂಟ್ ಕಟ್ಟಬಹುದು, ಆದರೆ ಅದು ಬಿಚ್ಚಿಕೊಳ್ಳಲು ಒಂದಷ್ಟು ಎತ್ತರ ಬೇಕು. ಏರುವಾಗ, ಇಳಿಯುವಾಗ, ಸಾಮಾನು ಬಿಡುವಾಗ ಆ ಎತ್ತರ ಇರುವುದಿಲ್ಲ.

ಹಾರುವ ಕಾರು, ಏರ್ ಟ್ಯಾಕ್ಸಿ

ರಸ್ತೆಯಲ್ಲೂ ಓಡಿ ಆಕಾಶದಲ್ಲೂ ಹಾರುವ ಕಾರು ಹೊಸದೇನಲ್ಲ. ಮೋಲ್ಟ್ ಟೇಲರ್ ಅವರ ಏರೋಕಾರ್‌ಗೆ ಅಮೆರಿಕದಲ್ಲಿ 1956ರಲ್ಲೇ ಪ್ರಮಾಣಪತ್ರ ಸಿಕ್ಕಿತ್ತು; ಕಟ್ಟಿದ್ದು ಒಟ್ಟು ಆರು. ಸ್ಲೊವಾಕಿಯಾದ ಕ್ಲೈನ್ ವಿಷನ್ ಕಂಪನಿಯ ಏರ್‌ಕಾರ್ 2021ರಲ್ಲಿ ನಿತ್ರಾದಿಂದ ಬ್ರಾತಿಸ್ಲಾವಾಕ್ಕೆ 35 ನಿಮಿಷದಲ್ಲಿ ಹಾರಿ, 2022ರಲ್ಲಿ ಪ್ರಮಾಣಪತ್ರ ಪಡೆಯಿತು. ಆದರೆ ಅದು ಏಳಲು ಸುಮಾರು 300 ಮೀಟರ್ ಓಡುದಾರಿ ಬೇಕು. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಅಲ್ಲಿಂದಲೇ ಮೇಲೇಳಲಾರದು. ವಿಮಾನವನ್ನು ಕಟ್ಟುವುದು ಹಗುರಾಗಿರಲಿ ಎಂದು, ಕಾರನ್ನು ಕಟ್ಟುವುದು ಗುದ್ದು ತಡೆಯಲಿ ಎಂದು. ಪಾರ್ಕಿಂಗ್‌ನಲ್ಲಿ ಆಟೊ ಒರೆಸಿಕೊಂಡು ಹೋದ ಮೇಲೆ ರೆಕ್ಕೆಯ ಕೀಲು ಸರಿಯಿದೆಯೆಂದು ಸಹಿ ಹಾಕುವವರು ಯಾರು? ಈ ಜಾತಿಯ ಯಂತ್ರಗಳ ಬಗ್ಗೆ ಇಷ್ಟು ಸಾಕು.

ನಿಜವಾದ ಸ್ಪರ್ಧೆಯಲ್ಲಿರುವುದು ನೇರ ಮೇಲೇಳುವ ವಿದ್ಯುತ್ ವಿಮಾನಗಳು. ಅಮೆರಿಕದ ಜೋಬಿ ಕಂಪನಿಯದು ಆರು ಪ್ರೊಪೆಲ್ಲರ್, ಪೈಲಟ್ ಮತ್ತು ನಾಲ್ವರು ಪ್ರಯಾಣಿಕರು, ಸುಮಾರು 2,400 ಕೆ.ಜಿ. ಚೀನಾದ ಇಹಾಂಗ್‌ನ ಪೈಲಟ್ ಇಲ್ಲದ ಎರಡು ಆಸನದ ಯಂತ್ರಕ್ಕೆ 2023ರಲ್ಲಿ ಆ ದೇಶದ ಪ್ರಮಾಣಪತ್ರ ಸಿಕ್ಕಿದೆ. ಜರ್ಮನಿಯ ವೊಲೊಕಾಪ್ಟರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರಯಾಣಿಕರನ್ನು ಹೊತ್ತು ಹಾರಬೇಕೆಂದಿತ್ತು, ಆಗಲಿಲ್ಲ. ವರ್ಷದ ಕೊನೆಗೆ ದಿವಾಳಿ ಅರ್ಜಿ ಹಾಕಿತು. ಅದೇ ದೇಶದ ಲಿಲಿಯಮ್ ಕೂಡ ಅದೇ ವರ್ಷ ದಿವಾಳಿಯಾಯಿತು.

ಸುಮಾರು 2,400 ಕೆ.ಜಿ. ತೂಕದ ಯಂತ್ರ ಗಾಳಿಯಲ್ಲಿ ನಿಂತಿರಲು, ಪ್ರೊಪೆಲ್ಲರುಗಳ ಒಟ್ಟು ವಿಸ್ತೀರ್ಣ 40 ಚದರ ಮೀಟರ್ ಎಂದುಕೊಂಡರೆ, ಅರ್ಧ ಮೆಗಾವಾಟ್ ಆಸುಪಾಸು ಬೇಕು. ರೆಕ್ಕೆಯ ಮೇಲೆ ಸಾಗುವಾಗ ಖರ್ಚು ಬಹಳ ಇಳಿಯುತ್ತದೆ, ಹಾಗಾಗಿ ಏರುವ-ಇಳಿಯುವ ಒಂದೊಂದು ನಿಮಿಷವೂ ದುಬಾರಿ. ಹೆಲಿಕಾಪ್ಟರಿನಲ್ಲಿ 20 ನಿಮಿಷದ ಇಂಧನ ಮಿಗಿಸಿರಬೇಕೆಂಬುದು ಅಮೆರಿಕದ ನಿಯಮ; ಬ್ಯಾಟರಿ ಯಂತ್ರಕ್ಕೆ ಅಷ್ಟು ಮಿಗಿಸುವುದೆಂದರೆ ಇರುವುದರಲ್ಲಿ ದೊಡ್ಡ ಪಾಲು ಮುಟ್ಟದೆ ಇಡುವುದು. ಕೆಳಗೆ ನೂಕುವ ಗಾಳಿಯ ವೇಗ ಅದೇ ಲೆಕ್ಕದಲ್ಲಿ ಗಂಟೆಗೆ 100 ಕಿ.ಮೀ. ದಾಟುತ್ತದೆ. ಸಮಾನ ತೂಕದ ಬೆಲ್ 407 ಹೆಲಿಕಾಪ್ಟರಿನ ದೊಡ್ಡ ರೆಕ್ಕೆ ಅದೇ ಭಾರವನ್ನು ಎರಡು ಪಟ್ಟು ಜಾಗಕ್ಕೆ ಹರಡುತ್ತದೆ. ಅಂದರೆ ಏರ್ ಟ್ಯಾಕ್ಸಿಯ ಸದ್ದು ಕಡಿಮೆಯಾದರೂ ಗಾಳಿಯ ಹೊಡೆತ ಹೆಚ್ಚು. ಸುತ್ತಲಿನ ಸಿಮೆಂಟ್ ಶೀಟು, ಜಲ್ಲಿ, ಹೋರ್ಡಿಂಗು ಎಲ್ಲ ಬಿಗಿಯಾಗಿರಬೇಕು. ನೂರು ಯೂನಿಟ್ಟಿನ ಬ್ಯಾಟರಿಯನ್ನು ಹತ್ತು ನಿಮಿಷಕ್ಕೆ ತುಂಬಿಸಲು 600 ಕಿಲೋವಾಟ್ ಬೇಕು. ನಾಲ್ಕು ಯಂತ್ರ ಒಟ್ಟಿಗೆ ನಿಂತರೆ ಅದೊಂದು ತಾರಸಿಗೇ ಬೇರೆ ಹೈಟೆನ್ಷನ್ ಸಂಪರ್ಕ, ಬೇರೆ ಟ್ರಾನ್ಸ್‌ಫಾರ್ಮರ್, ಲಿಥಿಯಂ ಬೆಂಕಿ ನಂದಿಸುವ ಏರ್ಪಾಟು.

ಏರ್ ಟ್ಯಾಕ್ಸಿ ಕಟ್ಟಹೊರಟ ಬೆಂಗಳೂರಿನ ಸರಳಾ ಏವಿಯೇಷನ್ 2024ರ ಅಕ್ಟೋಬರ್‌ನಲ್ಲಿ ವಿಮಾನ ನಿಲ್ದಾಣದವರೊಂದಿಗೆ ಒಪ್ಪಂದ ಮಾಡಿಕೊಂಡಾಗ ಎಲ್ಲ ಕಡೆ ಓಡಾಡಿದ ಸುದ್ದಿ: ಇಂದಿರಾನಗರದಿಂದ ನಿಲ್ದಾಣಕ್ಕೆ ಐದು ನಿಮಿಷ, 1,700 ರೂಪಾಯಿ. ಅವರ 'ಶೂನ್ಯ' ಯಂತ್ರಕ್ಕೆ ಹೇಳಿರುವ ವೇಗ ಗಂಟೆಗೆ 250 ಕಿ.ಮೀ. ಇಂದಿರಾನಗರದಿಂದ ನಿಲ್ದಾಣಕ್ಕೆ ಸರಳರೇಖೆಯಲ್ಲೇ ಸುಮಾರು 25 ಕಿ.ಮೀ. ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ ಪೂರ್ಣ ವೇಗದಲ್ಲಿ ಹೋದರೂ ಆರು ನಿಮಿಷ. ನೇರ ಮೇಲೇರುವುದು, ರೆಕ್ಕೆಯ ಹಾರಾಟಕ್ಕೆ ಹೊರಳುವುದು, ಎಚ್‌ಎಎಲ್ ಮತ್ತು ದೇವನಹಳ್ಳಿಯ ವಿಮಾನಗಳಿಗೆ ದಾರಿ ಬಿಡುವುದು, ಇಳಿಯುವುದು ಸೇರಿದರೆ ಹತ್ತು-ಹನ್ನೆರಡು ನಿಮಿಷ. ಮನೆಯಿಂದ ಏರುವ ತಾಣಕ್ಕೆ ಆಟೊ, ಭದ್ರತಾ ತಪಾಸಣೆ, ಬ್ಯಾಗಿನ ತೂಕ, ಅಲ್ಲಿ ಇಳಿದ ಮೇಲೆ ಟರ್ಮಿನಲ್‌ಗೆ ನಡಿಗೆ: ಮುಕ್ಕಾಲು ಗಂಟೆ ಹಿಡಿದರೆ ಪ್ರಾಮಾಣಿಕ ಅಂದಾಜು. ಒಳ್ಳೆಯ ಎಂಜಿನಿಯರುಗಳು ಕಷ್ಟದ ಕೆಲಸಕ್ಕೆ ಕೈಹಾಕಿದ್ದಾರೆ. ಇಂಥ ಅಂಕಿಗಳಿಂದ ಅವರಿಗೇ ಅನ್ಯಾಯವಾಗುತ್ತದೆ.

ಈ ದಾರಿಯನ್ನು ಬೆಂಗಳೂರು ಆಗಲೇ ಎರಡು ಸಲ ಹಾರಿ ನೋಡಿದೆ. 2018ರ ಮಾರ್ಚ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ನಿಲ್ದಾಣಕ್ಕೆ ಥಂಬಿ ಏವಿಯೇಷನ್‌ನ ಹೆಲಿಕಾಪ್ಟರ್, ಜಿಎಸ್‌ಟಿ ಬಿಟ್ಟು 3,500 ರೂಪಾಯಿ. 2022ರ ಅಕ್ಟೋಬರ್‌ನಲ್ಲಿ ಎಚ್‌ಎಎಲ್‌ನಿಂದ ಬ್ಲೇಡ್ ಇಂಡಿಯಾದ್ದು, ತೆರಿಗೆ ಬಿಟ್ಟು 3,250. ಎರಡೂ ಜನಸಾಮಾನ್ಯರ ಓಡಾಟದ ಸಾಧನವಾಗಲಿಲ್ಲ. ವಿದ್ಯುತ್ ಯಂತ್ರ ಇಂಧನದ ಖರ್ಚನ್ನೂ ರಿಪೇರಿಯ ಖರ್ಚನ್ನೂ ತಗ್ಗಿಸಬಹುದು. ತಾಣದ ಬಾಡಿಗೆ, ಪೈಲಟ್, ವಿಮೆ, ಖಾಲಿ ಆಸನದ ನಷ್ಟ ಹಾಗೇ ಉಳಿಯುತ್ತವೆ.

ಎಷ್ಟು ಜನಕ್ಕೆ ಎಂಬುದನ್ನೂ ನೋಡಬೇಕು. ಒಂದು ಯಂತ್ರ ಬಂದಿಳಿದು, ಜನ ಇಳಿದು ಹತ್ತಿ, ಮತ್ತೆ ಏಳಲು ಐದೇ ನಿಮಿಷ ಎಂದರೂ ಒಂದು ತಾಣದಿಂದ ಗಂಟೆಗೆ ಹನ್ನೆರಡು ಹಾರಾಟ. 'ಶೂನ್ಯ'ದಂಥ ಯಂತ್ರದಲ್ಲಿ ಪ್ರಯಾಣಿಕರ ಆರೂ ಆಸನ ತುಂಬಿದರೆ 72 ಜನ, ಎರಡು ಬಸ್ಸಿನಷ್ಟು. 2024-25ರಲ್ಲಿ ಕೆಂಪೇಗೌಡ ನಿಲ್ದಾಣ ಬಳಸಿದವರು ನಾಲ್ಕು ಕೋಟಿಗೂ ಹೆಚ್ಚು, ದಿನಕ್ಕೆ ಒಂದು ಲಕ್ಷಕ್ಕೂ ಮೇಲೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರ ಮೂಲಕ ನಿಲ್ದಾಣಕ್ಕೆ ಕಟ್ಟುತ್ತಿರುವ ಮೆಟ್ರೊ ಮಾರ್ಗದ ಆರು ಬೋಗಿಯ ಒಂದೇ ರೈಲು ಸಾವಿರಕ್ಕೂ ಹೆಚ್ಚು ಜನರನ್ನು ಒಯ್ಯುತ್ತದೆ. ಟ್ರಾಫಿಕ್ಕಿಗೆ ಪರಿಹಾರ ಎಂಬ ಮಾತಿನೊಂದಿಗೆ ಏರ್ ಟ್ಯಾಕ್ಸಿಯ ಹೆಸರು ಬಂದಾಗಲೆಲ್ಲ ಗಂಟೆಗೆ 72, ಒಂದು ರೈಲಿಗೆ ಸಾವಿರ ಎಂಬ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಎಲ್ಲಿ ಒದಗುತ್ತದೆ

ರುವಾಂಡಾದಲ್ಲಿ 2016ರ ಅಕ್ಟೋಬರ್‌ನಿಂದ ಜಿಪ್‌ಲೈನ್ ಕಂಪನಿ ಆಸ್ಪತ್ರೆಗಳಿಗೆ ರಕ್ತ ತಲುಪಿಸುತ್ತಿದೆ. ರೆಕ್ಕೆಯ ಡ್ರೋನ್, ಕವಣೆಯಂಥ ಯಂತ್ರದಿಂದ ಚಿಮ್ಮುತ್ತದೆ, ಎರಡು ಕೆ.ಜಿ.ಗೂ ಕಡಿಮೆ ಹೊರೆ, ಸುಮಾರು 80 ಕಿ.ಮೀ. ದೂರ. ಆಸ್ಪತ್ರೆಯ ಅಂಗಳದ ಮೇಲೆ ಬಾಗಿಲು ತೆರೆದು ಕಾಗದದ ಪ್ಯಾರಾಚೂಟ್ ಕಟ್ಟಿದ ಪೆಟ್ಟಿಗೆಯನ್ನು ಬೀಳಿಸಿ ಮನೆಗೆ ತಿರುಗುತ್ತದೆ. ರಕ್ತ ಹಾಳಾಗಿ ಎಸೆಯುವುದು ಮೂರನೇ ಎರಡರಷ್ಟು ಕಡಿಮೆಯಾಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಲ್ಲಿ ಗೆದ್ದದ್ದು ಎರಡು ತುದಿ ಗಟ್ಟಿಯಿದ್ದದ್ದರಿಂದ. ಹೊರಡುವ ಕಡೆ ತರಬೇತಾದ ತಂಡ. ಬೀಳುವ ಕಡೆ ಗೊತ್ತಾದ ಅಂಗಳ, ಗೊತ್ತಾದ ಕೈ. ಹೊರೆ ಹಗುರ, ಅದರ ಬೆಲೆ ನಿಮಿಷಗಳಲ್ಲಿ.

ಕರ್ನಾಟಕದಲ್ಲಿ ಈ ಮೂರೂ ಹೊಂದುವ ಸರಕು ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಎಂದು ನಮಗನಿಸುತ್ತದೆ. ರಾಜ್ಯ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮೊದಲ ಸುತ್ತಿಗೆ ಸಾಮಾನ್ಯವಾಗಿ ಬೇಕಾಗುವುದು ಹತ್ತು ಸೀಸೆ. ತಂಪು ಪೆಟ್ಟಿಗೆ ಸೇರಿ ಎರಡು ಕೆ.ಜಿ. ಮೀರದು. ಮಲೆನಾಡಿನ ತಿರುವಿನ ರಸ್ತೆಯಲ್ಲಿ ಗಂಟೆ ಹಿಡಿಯುವ ದಾರಿ ಆಕಾಶದಲ್ಲಿ ಕಾಲು ಗಂಟೆ. ಆದರೆ ಹಾವು ಹೊರಬರುವ ಮಳೆಗಾಲದಲ್ಲೇ ಆಗುಂಬೆ ಕಡೆ ಡ್ರೋನ್ ಹಾರುವುದು ಕಷ್ಟ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಗುಡ್ಡದ ಮೇಲೆ ಬೇರೆ ರೇಡಿಯೊ ಕಂಬ ನೆಡಬೇಕು. ಮರದ ನೆತ್ತಿಗಿಂತ ಸಾಕಷ್ಟು ಮೇಲೆ ಹಾರಿ ಆರೋಗ್ಯ ಕೇಂದ್ರದ ಅಂಗಳದಲ್ಲಿ ಹತ್ತಿಪ್ಪತ್ತು ಮೀಟರಿನ ಬಯಲು ಕಾಯ್ದುಕೊಳ್ಳಬೇಕು. ಆದ್ದರಿಂದ ಜೂನ್ ಬರುವ ಮುಂಚೆಯೇ ಕೇಂದ್ರಗಳಲ್ಲಿ ದಾಸ್ತಾನು ತುಂಬಿಸುವುದು ಡ್ರೋನಿನ ಮೊದಲ ಕೆಲಸವಾಗಬೇಕು, ಮಳೆ ಬಿಡುವು ಕೊಟ್ಟಾಗ ತುರ್ತು ಹಾರಾಟ ಎರಡನೆಯದು.

ಪ್ರತಿವಿಷವನ್ನು ಡ್ರಿಪ್ ಮೂಲಕ ಸುಮಾರು ಒಂದು ಗಂಟೆ ಕೊಡಬೇಕು, ಮೈ ಒಗ್ಗದಿದ್ದರೆ ತಕ್ಷಣ ಚುಚ್ಚಲು ಅಡ್ರಿನಲಿನ್ ತುಂಬಿದ ಸಿರಿಂಜು ಪಕ್ಕದಲ್ಲಿರಬೇಕು, ಅಷ್ಟು ಹೊತ್ತೂ ಒಬ್ಬರು ರೋಗಿಯನ್ನು ಬಿಟ್ಟು ಕದಲಬಾರದು. ಹಾಗಾಗಿ ಡ್ರೋನ್ ಯೋಜನೆಗೆ ಊರು ಆರಿಸುವಾಗ ನಕ್ಷೆಯ ದೂರಕ್ಕಿಂತ ಮೊದಲು ನೋಡಬೇಕಾದದ್ದು, ಆ ಕೇಂದ್ರದಲ್ಲಿ ರಾತ್ರಿ ಪಾಳಿಗೆ ವೈದ್ಯರೂ ನರ್ಸೂ ಇದ್ದಾರೆಯೇ ಎಂಬುದನ್ನು.